ರೊಟ್ಟಿಯ ತಳದ ಶಿಲುಬೆ

ಬಾಣಲೆಯಲ್ಲಿ ಎಲೆಕೋಸು ಬೇಯುತ್ತಿತ್ತು. ಅದಕ್ಕೆ ಬೆಂದ ನೂಡಲ್ಸ್ ಸುರಿದು, ಬೆಣ್ಣೆ ಹಾಕಿ ಕೆದಕುತ್ತಿದ್ದ ವರ್ನಾ ಸೊಪ್ಕೊ ಗಂಡನ ಮಾತಿಗೆ ಉತ್ತರ ಕೊಡಲಿಲ್ಲ. ಸೌಟನ್ನು ಬಾಣಲೆಯ ಅಂಚಿಗೆ ಎರಡು ಸಲ ಬಡಿದಳು. ಆ ಮನೆಯಲ್ಲಿ ಒಂದು ವರ್ಷದಿಂದ ಸೌಟೇ ಹೆಚ್ಚು ಮಾತಾಡುತ್ತಿತ್ತು.

"ನಾನು ಕೇಳಿದ್ದು ಇಷ್ಟೇ ಕಣೇ," ಎಂದ ಎಮಿಲ್. "ಫಿಲಡೆಲ್ಫಿಯಾಕ್ಕೆ ನಾವು ಹೋಗ್ಲೇಬೇಕಾ? ಲಾಯರಮ್ಮ ಒಬ್ರೇ ಹೋದ್ರೂ ನಡಿಯುತ್ತೆ ಅಂದ್ರಲ್ಲ. ನಮ್ ಸ್ಕೂಲ್ ಬಸ್ಸಿಗೆ ಬದಲಿ ಡ್ರೈವರ್ ಸಿಗೋದೇ ಕಷ್ಟ. ಹೋಗ್ತಾ ಐದು ಗಂಟೆ, ಬರ್ತಾ ಐದು ಗಂಟೆ."

"ನೀನು ಬರ್ಬೇಡ ಬಿಡು. ನಾನು ಬಸ್ ಹಿಡ್ಕೊಂಡು ಹೋಗ್ತೀನಿ."

"ಹೋಗಿ ಏನ್ ಮಾಡ್ತೀಯಾ? ಅಲ್ಲಿ ನಿನ್ನ ಬಾಯಿ ತೆಗಿಯೋಕೆ ಬಿಡಲ್ವಂತೆ."

"ಸುಮ್ನೆ ಕೂತ್ಕೋತೀನಿ. ನನ್ನ ಕಳ್ಳಿ ಅನ್ನೋರು ನನ್ನ ಮುಖ ನೋಡ್ಕೊಂಡು ಅನ್ಲಿ."

ಮೇಜಿನ ಇನ್ನೊಂದು ತುದಿಯಲ್ಲಿ ಎಮಿಲ್‌ನ ತಾಯಿ ಯುಸ್ಟಿನಾ ತಟ್ಟೆಯ ಮುಂದೆ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಎಂಬತ್ತು ದಾಟಿದ ಮುದುಕಿ. ಬೆರಳ ಗೆಣ್ಣುಗಳು ಊದಿ, ಒಂದರ ಮೇಲೊಂದು ಏರಿಕೊಂಡಿದ್ದವು. ಯಾರಾದರೂ ನೋಡುತ್ತಿದ್ದರೆ ಅವಳು ಕೈಯನ್ನು ಮೇಜಿನ ಮೇಲೆ ಇಡುತ್ತಿರಲಿಲ್ಲ.

ವರ್ನಾಳ ಮೇಲೆ ಹೊರಿಸಿದ್ದ ಅಪರಾಧದ ಹೆಸರು ಅಂಚೆ ವಂಚನೆ. ಹೆಸರು ಕೇಳಿದರೆ ಯಾರೋ ವಿಧವೆಯರ ಪಿಂಚಣಿ ನುಂಗಿ ನೀರು ಕುಡಿದವಳು ಅನ್ನಬೇಕು. ನಡೆದದ್ದು ಇಷ್ಟು. ಪೆನ್ಸಿಲ್ವೇನಿಯಾದ ನದಿಯಂಚಿನ ಆ ವೆಸ್ಟ್ ಡೋರನ್ ಊರಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಅರ್ಧ ಊರು ಫ್ಲಾರಿಡಾ, ಅರಿಜೋನಾ ಅಂತ ಚೆದುರಿಹೋಗಿತ್ತು. ಹಾಗೆ ಹೋದವರಿಗೂ ಕ್ರಿಸ್‌ಮಸ್ ಬಂತೆಂದರೆ ಸ್ಲೋವಾಕಿಯಾದಿಂದ ವಲಸೆ ಬಂದ ಅಜ್ಜಿಯರ ಆಕ್ರೋಟು ರೋಲು ಬೇಕೇ ಬೇಕು. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ಹಿಟ್ಟು ಲಟ್ಟಿಸಿ, ಆಕ್ರೋಟಿನ ಪುಡಿ ಸಕ್ಕರೆ ಹರಡಿ, ಸುರುಳಿ ಸುತ್ತಿ ಬೇಯಿಸುತ್ತಿದ್ದರು. ವರ್ನಾ ಅದನ್ನು ಪೆಟ್ಟಿಗೆಗೆ ತುಂಬಿ ಅಂಚೆಗೆ ಹಾಕುತ್ತಿದ್ದಳು. ಪ್ರತಿ ಪೆಟ್ಟಿಗೆಯಲ್ಲೂ ಒಂದು ಚೀಟಿ: ‘ನಮ್ಮ ಚರ್ಚಿನ ಹೆಂಗಸರ ಕೈಯ ಕೆಲಸ.’ ಬಂದ ದುಡ್ಡೆಲ್ಲ ಚರ್ಚನ್ನು ಬೆಚ್ಚಗಿಡುವ ಬಾಯ್ಲರಿಗೆ. ವರ್ಷ ಕಳೆದಂತೆ ಹೆಂಗಸರು ಒಬ್ಬೊಬ್ಬರಾಗಿ ತೀರಿಕೊಂಡರು, ಉಳಿದವರ ಕೈ ಸೋತಿತು. ಕೊನೆಯ ಎರಡು ವರ್ಷ ರೋಲುಗಳು ಬಂದದ್ದು ಪಕ್ಕದ ಕೌಂಟಿಯ ಬೇಕರಿಯಿಂದ. ಚೀಟಿ ಮಾತ್ರ ಹಳೆಯದೇ ಉಳಿಯಿತು. ಫ್ಲಾರಿಡಾದಲ್ಲಿದ್ದ ಒಬ್ಬ ಮಹಾನುಭಾವ ರುಚಿಯಲ್ಲೇ ಬೇಕರಿಯನ್ನು ಗುರುತು ಹಿಡಿದು ದೂರು ಕೊಟ್ಟ. ಅಂಚೆ ಇಲಾಖೆಯ ತನಿಖೆಯವರು ಬಂದರು, ಕೇಂದ್ರ ಸರ್ಕಾರದ ಕೋರ್ಟು ಕೂತಿತು, ಜ್ಯೂರಿ ತಪ್ಪಿತಸ್ಥೆ ಎಂದು ತಲೆಯಾಡಿಸಿತು. ಹತ್ತು ತಿಂಗಳ ಜೈಲು. ಮೇಲ್ಮನವಿ ಮುಗಿಯುವವರೆಗೆ ಮನೆಯಲ್ಲಿರಬಹುದೆಂದು ಜಡ್ಜು ಔದಾರ್ಯ ತೋರಿಸಿದ್ದ.

ವರ್ನಾಳ ಹೊಟ್ಟೆ ಉರಿಯುತ್ತಿದ್ದುದು ಜೈಲಿಗಲ್ಲ. ಬೇಕರಿಯಿಂದ ಬಂದ ಪ್ರತಿಯೊಂದು ರೋಲನ್ನೂ ಯುಸ್ಟಿನಾ ಕೈಗೆತ್ತಿಕೊಂಡು, ಬೋರಲು ಹಾಕಿ, ಚಾಕುವಿನ ಮೊನೆಯಿಂದ ತಳದಲ್ಲಿ ಒಂದು ಶಿಲುಬೆ ಗೀಚಿದ್ದಳು. ಆ ಚರ್ಚಿನ ಹೆಂಗಸರಲ್ಲಿ ಹಿಂದಿನಿಂದ ಬಂದ ರೂಢಿ ಅದು. ರೊಟ್ಟಿ ಯಾರ ಒಲೆಯಲ್ಲೇ ಬೆಂದಿರಲಿ, ಮನೆಯ ಹಿರಿಯ ಹೆಂಗಸು ತಳದಲ್ಲಿ ಶಿಲುಬೆ ಎಳೆದಳೆಂದರೆ ಅದು ಆ ಮನೆಯ ರೊಟ್ಟಿ. ಒಳ್ಳೆಯ ಕಾಲದಲ್ಲೂ ರೋಲು ಸಾಲದೆ ಬಂದಾಗ ನದಿಯಾಚೆಯ ಚರ್ಚಿನಿಂದ ತಂದು, ಗೀಟು ಎಳೆದು, ತಮ್ಮದೆಂದೇ ಮಾರಿದ್ದರು. ಅದನ್ನು ಸುಳ್ಳು ಅಂದವರು ಆ ದಡದಲ್ಲೂ ಇರಲಿಲ್ಲ, ಈ ದಡದಲ್ಲೂ ಇರಲಿಲ್ಲ. ಇದನ್ನು ಹೇಳಲೆಂದು ಯುಸ್ಟಿನಾ ಒಳ್ಳೆಯ ಕೋಟು ಹಾಕಿಕೊಂಡು ಪಿಟ್ಸ್‌ಬರ್ಗ್‌ನ ಕೋರ್ಟಿಗೆ ಹೋಗಿದ್ದಳು. ಸರ್ಕಾರಿ ವಕೀಲ ಎದ್ದು ಆಕ್ಷೇಪಣೆ ಎತ್ತಿದ. ಇಲ್ಲಿ ಧರ್ಮದ ವಿಚಾರಣೆ ನಡೆಯುತ್ತಿಲ್ಲ, ಇವರ ಸಾಕ್ಷಿ ಅನಗತ್ಯ ಎಂದು ಜಡ್ಜು ಹೇಳಿಬಿಟ್ಟ. ಮುದುಕಿ ಕೋಟಿನ ಗುಂಡಿ ಬಿಚ್ಚುವ ಮೊದಲೇ ಹೊರಗೆ ಬಂದಿದ್ದಳು. ಫಿಲಡೆಲ್ಫಿಯಾದ ಮೇಲಿನ ಕೋರ್ಟಿಗೆ ಹಾಕಿದ ಮೇಲ್ಮನವಿ ನಿಂತಿದ್ದೇ ಈ ಒಂದು ಕಾಲಿನ ಮೇಲೆ. ಆ ಸಾಕ್ಷಿಯನ್ನು ಜ್ಯೂರಿ ಕೇಳಬೇಕಿತ್ತು, ಜಡ್ಜು ಕೇಳಗೊಡಲಿಲ್ಲ.

ಬಾಗಿಲು ತಳ್ಳಿಕೊಂಡು ಮಗಳು ಕ್ಯಾರಿನ್ ಬಂದಳು. ಔಷಧಿ ಅಂಗಡಿಯ ನೀಲಿ ಕೋಟು ಕಳಚಿ ಕುರ್ಚಿಗೆ ಎಸೆದಳು.

"ಇವತ್ತು ಏನಾಯ್ತು ಗೊತ್ತಾ? ಒಬ್ಳು ಬಂದು ಮಾತ್ರೆ ತಗೊಂಡು, ಡಬ್ಬಿ ಬಿಚ್ಚಿ ನನ್ನ ಮುಂದೇನೇ ಎಣಿಸಿದ್ಳು. ಸೊಪ್ಕೊ ಮನೆಯವ್ರು ಅಲ್ವಾ, ನೋಡ್ಕೊಂಡ್ರೆ ತಪ್ಪೇನಿಲ್ಲ ಅಂತ ನಗ್ತಾಳೆ."

"ನೀನೇನ್ ಅಂದೆ?" ವರ್ನಾ ಕೇಳಿದಳು.

"ಏನನ್ಲಿ? ಥ್ಯಾಂಕ್ಸ್, ಮತ್ತೆ ಬನ್ನಿ ಅಂದೆ. ಕೆಲ್ಸ ಉಳಿಸ್ಕೋಬೇಕಲ್ಲ." ಕೂತು ತಟ್ಟೆ ಎಳೆದುಕೊಂಡಳು. ಅಜ್ಜಿಯ ಕಡೆ ತಿರುಗಿದಳು. "ಚೀಟಿ ಬದಲಾಯ್ಸೋಣ, ಬೇಕರಿಯವ್ರ ಸಹಾಯದಿಂದ ಅಂತ ಒಂದು ಮಾತು ಸೇರಿಸೋಣ ಅಂತ ಅಮ್ಮ ಆವತ್ತೇ ಕೇಳಿದ್ಳು. ಬೇಡ ಅಂದಿದ್ದು ಯಾರು ಅಜ್ಜಿ?"

"ನಾನು," ಎಂದಳು ಯುಸ್ಟಿನಾ.

"ಯಾಕೆ ಬೇಡ ಅಂದೆ?"

"ನಾನು ಗೀಟು ಎಳೆದ ಮೇಲೆ ಅದು ಇನ್ಯಾರ ರೋಲು? ಯುಸ್ಟಿನಾ ಕೈ ಸತ್ತೋಯ್ತು ಅಂತ ಊರೂರಿಗೆ ಅಂಚೇಲಿ ಕಳಿಸ್ಬೇಕಿತ್ತಾ?"

"ಹೂಂ, ನಿನ್ನ ಮರ್ಯಾದೆ ಉಳೀತು. ಅಮ್ಮಂದು ಪೇಪರ್‌ನಲ್ಲಿ ಬಂತು."

"ಕ್ಯಾರಿನ್," ಎಂದಳು ವರ್ನಾ, "ತಿನ್ನೋದಿದ್ರೆ ತಿನ್ನು. ಅಜ್ಜಿ ಮೇಲೆ ಹಾರಾಡ್ಬೇಡ. ಕೋರ್ಟಲ್ಲಿ ಹಾರಾಡೋಕೆ ಬೇಕಾದಷ್ಟು ಜನ ಇದ್ದಾರೆ."

ಯುಸ್ಟಿನಾ ಏನೂ ತಿನ್ನದೆ ಎದ್ದು ಹೋದಳು. ಅವಳ ತಟ್ಟೆಯ ಎಲೆಕೋಸನ್ನು ಎಮಿಲ್ ತನ್ನ ತಟ್ಟೆಗೆ ಹಾಕಿಕೊಂಡ. ಅನ್ನವಾಗಲಿ ಜಗಳವಾಗಲಿ ಆ ಮನೆಯಲ್ಲಿ ಹಾಳಾಗಲು ಅವನು ಬಿಡುತ್ತಿರಲಿಲ್ಲ, ಎಲ್ಲವನ್ನೂ ಸದ್ದಿಲ್ಲದೆ ನುಂಗುತ್ತಿದ್ದ.

ಬದಲಿ ಡ್ರೈವರ್ ಸಿಕ್ಕಿದ. ಗುರುವಾರ ಮೂವರೂ ಫಿಲಡೆಲ್ಫಿಯಾಕ್ಕೆ ಹೊರಟರು. ಯುಸ್ಟಿನಾ ಬರಲಿಲ್ಲ. ಒಂದು ಸಲ ಹೋಗಿ ಅನ್ನಿಸಿಕೊಂಡು ಬಂದಿದ್ದು ಸಾಕು ಅಂದಳು.

ಮೇಲಿನ ಕೋರ್ಟು ಅಂದರೆ ಏನೇನೋ ಅಂದುಕೊಂಡಿದ್ದಳು ವರ್ನಾ. ಅಲ್ಲಿ ಜ್ಯೂರಿ ಇರಲಿಲ್ಲ, ಸಾಕ್ಷಿ ಇರಲಿಲ್ಲ. ಎತ್ತರದಲ್ಲಿ ಮೂವರು ಜಡ್ಜುಗಳು, ಕೆಳಗೆ ಇಬ್ಬರು ವಕೀಲರು, ತಲಾ ಕಾಲು ಗಂಟೆ ಮಾತು. ಲಾಯರ್ ಡಾನಾ ಟಾಲ್ಬಟ್ ಚಿಕ್ಕ ವಯಸ್ಸಿನವಳು. ಸರ್ಕಾರವೇ ನೇಮಿಸಿ ಕೊಟ್ಟವಳು. ಆದರೂ ಮಾತಿಗೆ ತಡವರಿಸಲಿಲ್ಲ. ವರ್ನಾಳ ಒಂದು ವರ್ಷದ ಸಂಕಟ ಒಂದು ಸಿಗ್ನಲ್ ದೀಪದ ಲೆಕ್ಕದಲ್ಲಿ ಮುಗಿಯಿತು. ಹಸಿರು ಇದ್ದಾಗ ಮಾತು, ಕೆಂಪು ಬಂದರೆ ಬಾಯಿಗೆ ಬೀಗ.

ಆಮೇಲೆ ಸರ್ಕಾರಿ ವಕೀಲ ಎದ್ದ. ಅವನು ಎರಡು ಮಾತು ಆಡುವಷ್ಟರಲ್ಲಿ ನಡುವಿನ ಜಡ್ಜು, ಬಿಳಿ ಕೂದಲಿನ ಹೆಂಗಸು, ಒಂದು ಫೋಟೋ ಎತ್ತಿ ತೋರಿಸಿದರು.

"ಇದು ನಿಮ್ಮ ಕಡೆಯವರೇ ಕೊಟ್ಟಿರೋ ಫೋಟೋ. ರೋಲಿನ ತಳದಲ್ಲಿ ಅಡ್ಡ ಉದ್ದ ಎರಡು ಗೀಟು ಕಾಣುತ್ತೆ. ಇದೇನು?"

"ಬೇಕರಿ ಯಂತ್ರದ ಗುರುತು ಇರಬಹುದು, ಮೇಡಂ."

"ಇರಬಹುದು ಅಂದ್ರೆ? ನಿಮಗೆ ಗೊತ್ತಿಲ್ವಾ?"

"ಅದು ಮುಖ್ಯವಾದ ವಿಷಯ ಅಲ್ಲ, ಮೇಡಂ."

ವರ್ನಾಳ ಮೈಯೆಲ್ಲ ಉರಿದುಹೋಯಿತು. ಯಂತ್ರವಂತೆ. ಆ ಎರಡು ವರ್ಷವೂ ಕ್ರಿಸ್‌ಮಸ್‌ಗೆ ಮುಂಚೆ ಎರಡೆರಡು ವಾರ ಚಳಿಯ ನೆಲಮಾಳಿಗೆಯಲ್ಲಿ ಕೂತು, ಚಾಕು ಹಿಡಿಯಲಾಗದೆ ಬೆರಳಿಗೆ ಬಟ್ಟೆ ಸುತ್ತಿ ಕಟ್ಟಿಸಿಕೊಂಡು, ಒಂದೊಂದೇ ರೋಲಿಗೆ ಒಂದೊಂದು ಪ್ರಾರ್ಥನೆ ಗೊಣಗುತ್ತ ಗೀಟು ಎಳೆದ ಅತ್ತೆ ಇವನ ಬಾಯಲ್ಲಿ ಯಂತ್ರವಾದಳು. ಎದ್ದು ನಿಲ್ಲಲು ಮೊಣಕಾಲು ತಾನಾಗಿ ಹೊರಟಿತು. ಎಮಿಲ್ ಅವಳ ಮೊಣಕೈ ಹಿಡಿದು ಕೂರಿಸಿದ. ಆ ಕೈ ಬಿಟ್ಟಿದ್ದು ಹೊರಗೆ ಮೆಟ್ಟಿಲ ಮೇಲೆ.

"ಬಿಡ್ಬೇಕಾಗಿತ್ತು ನೀನು," ಎಂದಳು.

"ಬಿಟ್ಟಿದ್ರೆ ಅಲ್ಲೇ ಒಳಗೆ ಹಾಕ್ತಿದ್ರು."

"ಹಾಕ್ಲಿ. ಕಾರಣ ಆದ್ರೂ ನಿಜವಾದ್ದಿರ್ತಿತ್ತು."

ಕಾರಿನಲ್ಲಿ ಮನೆಯಿಂದ ತಂದ ಸ್ಯಾಂಡ್‌ವಿಚ್ ತಿಂದರು. ಮನೆ ಹತ್ತಿರ ಬಂದಾಗ ಕ್ಯಾರಿನ್ ಹಿಂದಿನ ಸೀಟಿನಿಂದ ಕೇಳಿದಳು, "ಅಮ್ಮ, ಅಜ್ಜಿ ಬೆರಳಿಗೆ ಬಟ್ಟೆ ಸುತ್ತಿರ್ತಿತ್ತಲ್ಲ, ಕಟ್ತಿದ್ದಿದ್ದು ನೀನಾ?"

"ಮತ್ತೆ ಇನ್ಯಾರು?"

ತೀರ್ಪು ಬರುವವರೆಗೆ ಕಾಯಬೇಕು ಅಂದಿದ್ದಳು ಡಾನಾ. ಕಾಯುವುದೆಂದರೆ ಊರಲ್ಲಿ ತಿರುಗುವುದು, ಬಟ್ಟೆ ಒಗೆಯುವುದು, ಸಾಮಾನು ತರುವುದು. ಸೂಪರ್‌ಮಾರ್ಕೆಟ್ಟಿನ ಹಿಟ್ಟಿನ ಸಾಲಿನಲ್ಲಿ ಓಲ್ಗಾ ಬರ್ನಾ ಎದುರಾದಳು. ಅದೇ ಚರ್ಚಿನವಳು. ರೋಲು ತುಂಬುವಾಗ ವರ್ನಾಳ ಪಕ್ಕದಲ್ಲೇ ಕೂತು ಪೆಟ್ಟಿಗೆಗೆ ಟೇಪು ಹಚ್ಚಿದವಳು. ವರ್ನಾಳನ್ನು ಕಂಡದ್ದೇ ತಳ್ಳುಗಾಡಿಯನ್ನು ಹಿಂದಕ್ಕೆ ಎಳೆಯತೊಡಗಿದಳು.

"ಗಾಡಿ ತಿರುಗಿಸ್ಬೇಡ ಓಲ್ಗಾ, ನಾನೇನ್ ಕಚ್ಚಲ್ಲ."

"ಅಯ್ಯೋ ವರ್ನಾ, ನೋಡ್ಲೇ ಇಲ್ಲ. ಹೇಗಿದ್ದೀಯಾ?"

"ಹತ್ತು ತಿಂಗಳ ಮೇಲೆ ನೇತಾಡ್ತಾ ಇದ್ದೀನಿ. ನೀನ್ ಹೇಗಿದ್ದೀಯಾ? ಬೇಕರಿ ಟ್ರೇ ಎತ್ತಿ ಎತ್ತಿ ಸೊಂಟ ಹಿಡ್ಕೊಂಡಿತ್ತಲ್ಲ, ಸರಿ ಹೋಯ್ತಾ?"

ಓಲ್ಗಾ ಆಚೀಚೆ ನೋಡಿದಳು. "ಮೆಲ್ಲಗೆ ಮಾತಾಡು ಮಾರಾಯ್ತಿ. ನನ್ನ ಗಂಡ ಹೇಳಿದ್ರು, ಇದ್ರಲ್ಲಿ ಬಾಯಿ ಹಾಕ್ಬೇಡ ಅಂತ. ತನಿಖೆಯವ್ರು ಬಂದಾಗ ನಾನು ನೆಲಮಾಳಿಗೆಗೆ ಜಾಸ್ತಿ ಹೋಗ್ತಿರ್ಲಿಲ್ಲ ಅಂದ್ಬಿಟ್ಟೆ."

"ಮಧ್ಯಾಹ್ನ ನಾನು ತಂದ ಕಡುಬು ಯಾರು ತಿಂತಿದ್ರು ಹಾಗಾದ್ರೆ, ನಿನ್ನ ದೆವ್ವಾನಾ?"

ಓಲ್ಗಾ ಒಂದು ಚೀಲ ಹಿಟ್ಟು ಗಾಡಿಗೆ ಹಾಕಿಕೊಂಡು ಹೊರಟುಹೋದಳು. ಆಲೂಗಡ್ಡೆ ತುಂಬಿದ ಆ ಕಡುಬಿಗೆ ಬೆಣ್ಣೆ ಸಾಲದು ಎಂದು ಬೇರೆ ಅಂದಿದ್ದಳು ಆಗ. ವರ್ನಾಗೆ ಮನೆಗೆ ಬಂದ ಮೇಲೆ ನೆನಪಾದದ್ದು ಅದೇ, ಹೇಳಬೇಕಿತ್ತು ಅನ್ನಿಸಿತು.

ತೀರ್ಪು ಬಂದಿದ್ದು ನವೆಂಬರಿನ ಕೊನೆಯಲ್ಲಿ. ಒಲೆಯ ಮೇಲೆ ಅಣಬೆ ಸೂಪು ಕುದಿಯುತ್ತಿದ್ದಾಗ ಡಾನಾ ಫೋನು ಮಾಡಿದಳು. ಕ್ಯಾರಿನ್ ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟಳು.

"ಗೆದ್ವಿ ಮಿಸೆಸ್ ಸೊಪ್ಕೊ. ಶಿಕ್ಷೆ ರದ್ದು. ನಿಮ್ಮ ಅತ್ತೆಯ ಸಾಕ್ಷೀನ ತಡೆದಿದ್ದು ತಪ್ಪು ಅಂತ ಮೂರು ಜನಾನೂ ಬರೆದಿದ್ದಾರೆ."

ಎಮಿಲ್ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಕ್ಯಾರಿನ್ ಅಮ್ಮನ ಕುತ್ತಿಗೆಗೆ ಜೋತುಬಿದ್ದಳು. ವರ್ನಾ ಮಾತ್ರ ಕೇಳಿದಳು, "ಅಂದ್ರೆ ನಾನು ತಪ್ಪಿತಸ್ಥೆ ಅಲ್ಲ ಅಂತ ಬರೆದಿದ್ದಾರಾ?"

ಡಾನಾ ದನಿ ತಗ್ಗಿಸಿದಳು. "ಹಾಗಲ್ಲ. ವಿಚಾರಣೆ ಸರಿಯಾಗಿ ನಡೀಲಿಲ್ಲ, ಮತ್ತೆ ಮೊದಲಿಂದ ನಡೀಲಿ ಅಂತ."

"ಮೊದಲಿಂದ," ಎಂದಳು ವರ್ನಾ. "ಅದೇ ಕಟ್ಟಡ, ಅದೇ ಬೆಂಚು?"

"ಬೇರೆ ಜ್ಯೂರಿ. ಸರ್ಕಾರದವ್ರು ಬೇಕಾದ್ರೆ ಕೇಸ್ ಬಿಡಬಹುದು. ನೋಡೋಣ."

ಸೂಪು ಉಕ್ಕಿ ಒಲೆಗೆ ಚೆಲ್ಲಿತು. ಯುಸ್ಟಿನಾ ಎದ್ದು ಹೋಗಿ ಮೊಣಕೈಯಿಂದ ಬೆಂಕಿ ಸಣ್ಣ ಮಾಡಿದಳು. ಬೆರಳಿನಿಂದ ಒಲೆಯ ಗುಂಡಿ ತಿರುಗಿಸುವುದು ಅವಳಿಗೆ ಆಗುತ್ತಿರಲಿಲ್ಲ.

ಸುದ್ದಿ ಊರಿಗೆ ಹಬ್ಬಲು ಪೇಪರೇನೂ ಬೇಕಾಗಲಿಲ್ಲ. ಮೂರನೆಯ ದಿನ ಚರ್ಚಿನ ಪಾದ್ರಿ ಫಾದರ್ ಕ್ಲೆಮೆಂಟ್ ಬಂದರು. ಒಂದು ವರ್ಷದಲ್ಲಿ ಆ ಮನೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಕೈಯಲ್ಲಿ ಹೂವಿನ ಕುಂಡ. ವರ್ನಾ ಕಾಫಿ ಕೊಟ್ಟಳು. ಬಿಸ್ಕತ್ತು ಕೊಡಲಿಲ್ಲ. ಫಾದರ್ ತಟ್ಟೆ ಬರುತ್ತದೇನೋ ಎಂದು ಒಮ್ಮೆ ಅಡಿಗೆಮನೆಯ ಕಡೆ ನೋಡಿದರು.

"ದೇವರು ದೊಡ್ಡವನು, ವರ್ನಾ. ನಾನು ದಿನಾ ನಿನಗೋಸ್ಕರ ಪ್ರಾರ್ಥನೆ ಮಾಡ್ತಿದ್ದೆ."

"ಕೋರ್ಟಲ್ಲಿ ಬಾಯಿ ಬಿಟ್ಟು ಮಾಡಿದ್ರೆ ಬೇಗ ಕೇಳಿಸ್ತಿತ್ತೇನೋ, ಫಾದರ್."

ಫಾದರ್ ನಕ್ಕರು. ಇವಳ ಸ್ವಭಾವ ಗೊತ್ತಲ್ಲ ಎನ್ನುವಂತೆ ಎಮಿಲ್ ಕಡೆ ನೋಡಿದರು. ಎಮಿಲ್ ಕಾಫಿ ಲೋಟದೊಳಗೆ ನೋಡುತ್ತಿದ್ದ.

"ವಿಷಯ ಏನಂದ್ರೆ," ಎಂದರು ಫಾದರ್, "ಬಾಯ್ಲರ್ ಮತ್ತೆ ಕೆಟ್ಟಿದೆ. ರೋಲು ನಿಲ್ಲಿಸಿದ ಮೇಲೆ ದುಡ್ಡು ಎಲ್ಲಿಂದ ಬರ್ಬೇಕು? ಪೂಜೆಗೆ ಜನ ಕೋಟು ಹಾಕ್ಕೊಂಡೇ ಕೂರ್ತಿದ್ದಾರೆ. ಹೇಗೂ ಎಲ್ಲಾ ಸರಿ ಹೋಯ್ತಲ್ಲ. ಈ ಸಲ ಚೀಟೀಲಿ ಬರೀ ‘ಕ್ರಿಸ್‌ಮಸ್ ರೊಟ್ಟಿ’ ಅಂತ ಹಾಕೋಣ. ವಿಳಾಸ ಎಲ್ಲಾ ನಿನಗೆ ಬಾಯಲ್ಲೇ ಇದೆ. ನಿನ್ನ ಹಾಗೆ ಪ್ಯಾಕ್ ಮಾಡೋರು ಬೇರೆ ಯಾರೂ ಇಲ್ಲ."

ವರ್ನಾ ತನ್ನ ಲೋಟ ಕೆಳಗಿಟ್ಟಳು. "ಫಾದರ್, ಬೇಕರಿ ಗಾಡಿ ಬಂದಾಗ ನೆಲಮಾಳಿಗೆ ಬಾಗಿಲು ಹಿಡ್ಕೊಂಡು ನಿಂತಿದ್ದು ಯಾರು?"

"ಅದು..."

"ನೀವು. ಟ್ರೇ ತಗುಲುತ್ತೆ, ಹುಷಾರು ಹುಷಾರು ಅಂತಿದ್ದಿದ್ದು ನೀವು. ಕೋರ್ಟಲ್ಲಿ ಏನಂದ್ರಿ? ಅಡಿಗೆ ವ್ಯವಹಾರ ಹೆಂಗಸರದ್ದು, ನನಗೆ ಅದರ ಅರಿವಿಲ್ಲ. ಬೈಬಲ್ ಮೇಲೆ ಕೈ ಇಟ್ಕೊಂಡು ಅಂದ್ರಿ."

"ಬಿಷಪ್ಪರ ಲಾಯರು ಹಾಗೆ ಹೇಳೋಕೆ ಹೇಳಿದ್ರು, ವರ್ನಾ. ಚರ್ಚಿಗೆ ಧಕ್ಕೆ ಆಗ್ಬಾರ್ದು ಅಂತ."

"ಈಗ ಮತ್ತೆ ವಿಚಾರಣೆ ಆಗುತ್ತೆ. ಬಂದು ಬಾಗಿಲು ಹಿಡಿದಿದ್ದೆ ಅಂತ ಹೇಳ್ತೀರಾ? ಹೇಳಿ. ಇವತ್ತೇ ಹಿಟ್ಟು ನಾದೋಕೆ ಕೂತ್ಕೋತೀನಿ."

ಫಾದರ್ ಕ್ಲೆಮೆಂಟ್ ಟೋಪಿ ತೆಗೆದುಕೊಂಡರು. ಬಿಷಪ್ಪರನ್ನು ಕೇಳಬೇಕು ಅಂದರು, ಕ್ಷಮೆ ಕ್ರೈಸ್ತನ ದೊಡ್ಡ ಗುಣ ಅಂದರು, ಹೊರಟರು. ಬಾಗಿಲವರೆಗೆ ಹೋಗಿ ಕಳಿಸಿದ್ದು ಕ್ಯಾರಿನ್.

"ಫಾದರ್, ಕುಂಡ ಮರೆತ್ರಿ."

"ಅದು ನಿಮಗೇ ಅಮ್ಮ."

"ಚರ್ಚು ತಣ್ಣಗಿದೆ ಅಂದ್ರಲ್ಲ. ಅಲ್ಲೇ ಇಟ್ಕೊಳಿ, ಕೆಡಲ್ಲ." ಎಂದು ಕೈಗಿತ್ತಳು.

ಸರ್ಕಾರದವರು ಕೇಸು ಬಿಡಲಿಲ್ಲ, ಆದರೆ ಹಿಡಿದುಕೊಳ್ಳುವ ಹುರುಪೂ ಅವರಿಗೆ ಉಳಿದಿರಲಿಲ್ಲ. ಡಿಸೆಂಬರ್ ಎರಡನೆಯ ವಾರ ಡಾನಾ ಮನೆಗೇ ಬಂದಳು. ಸರ್ಕಾರದವರು ಒಂದು ಒಪ್ಪಂದ ಮುಂದಿಟ್ಟಿದ್ದರು. ವರ್ನಾ ಒಂದು ಹೇಳಿಕೆಗೆ ಸಹಿ ಹಾಕಬೇಕು, ಒಂದು ವರ್ಷ ತೆಪ್ಪಗಿರಬೇಕು. ಹಾಗಿದ್ದರೆ ಕೇಸು ತಾನಾಗಿ ಬಿದ್ದುಹೋಗುತ್ತದೆ. ಜೈಲಿಲ್ಲ, ಹೆಸರಿನ ಮುಂದೆ ಅಪರಾಧಿ ಅಂತ ಇಲ್ಲ. ಸಹಿ ಹಾಕದಿದ್ದರೆ ಹೊಸ ವಿಚಾರಣೆ. ಅದರಲ್ಲಿ ಸೋತರೆ ಹತ್ತು ತಿಂಗಳು ಮತ್ತೆ ಬಾಯಿ ತೆರೆದುಕೊಂಡು ನಿಂತಿರುತ್ತದೆ. ಶುಕ್ರವಾರದ ಒಳಗೆ ಹೇಳಬೇಕು.

"ಹೇಳಿಕೇಲಿ ಏನಿರುತ್ತೆ?" ವರ್ನಾ ಕೇಳಿದಳು.

"ಬರೆದು ಕಳಿಸ್ತಾರೆ. ತಪ್ಪು ಗೊತ್ತಿದ್ದೇ ಆಗಿತ್ತು ಅನ್ನೋ ಅರ್ಥದ್ದು."

ಅವಳು ಹೋದ ಮೇಲೆ ಮನೆಯಲ್ಲಿ ಗದ್ದಲ ಎದ್ದಿತು. ಎಮಿಲ್ ಎಂದೂ ಅಷ್ಟು ಮಾತಾಡಿದವನಲ್ಲ.

"ಹಾಕ್ಬಿಡು ವರ್ನಾ. ನನಗೆ ಸಾಕಾಗಿದೆ. ಬಸ್ಸಿನ ಹುಡುಗ್ರು ಸಹ ಹಿಂದಿನಿಂದ ಕೂಗ್ತಾವೆ, ರೋಲು ಕಳ್ಳಿ ಗಂಡ ಅಂತ. ನೀನು ಒಳಗೆ ಹೋದ್ರೆ ಅಮ್ಮನ ನೋಡ್ಕೊಳೋರು ಯಾರು? ಅವಳ ಕೂದ್ಲು ಬಾಚೋರು ಯಾರು?"

"ನಾನು ಗೆದ್ದಿದ್ದೀನಿ ಎಮಿಲ್. ಗೆದ್ದೋಳ ಕೈಲಿ ಸೋತೆ ಅಂತ ಬರೆಸ್ಕೋತಾರಲ್ಲ, ಅದು ಯಾವ ನ್ಯಾಯ?"

"ನ್ಯಾಯ ಬೇಡ ನನಗೆ. ಕ್ರಿಸ್‌ಮಸ್‌ನಲ್ಲಿ ನೀನು ಮನೇಲಿರ್ಬೇಕು, ಮುಂದಿನ ಕ್ರಿಸ್‌ಮಸ್‌ನಲ್ಲೂ ಇರ್ಬೇಕು. ಅಷ್ಟೇ ನಂದು."

"ನೀನೇನಂತೀಯಾ?" ವರ್ನಾ ಮಗಳನ್ನು ಕೇಳಿದಳು.

ಕ್ಯಾರಿನ್ ಉಗುರು ಕಡಿಯುತ್ತಿದ್ದಳು. "ಹೊಟ್ಟೆ ಉರಿಯುತ್ತೆ ಅಮ್ಮ. ಆದ್ರೂ ಹಾಕು."

ಕೊನೆಗೆ ಬಾಯಿ ಬಿಟ್ಟವಳು ಯುಸ್ಟಿನಾ. "ಹಾಕು ಕಣೇ. ನಾನು ಈ ದೇಶಕ್ಕೆ ಬಂದಾಗಿನಿಂದ ಓದೋಕೆ ಬರದ ಕಾಗದಕ್ಕೆ ಎಷ್ಟು ಸಹಿ ಹಾಕಿಲ್ಲ? ಕಾರ್ಖಾನೆಯವ್ರು ಕೊಟ್ರು, ಹಾಕಿದೆ. ನಿಮ್ಮ ಮಾವ ಸತ್ತಾಗ ಕೊಟ್ರು, ಹಾಕಿದೆ. ನನ್ನ ಹಟದಿಂದ ನಿನಗೆ ಇದೆಲ್ಲಾ ಬಂತು. ಮೊಮ್ಮಗಳು ಹೇಳಿದ್ದು ಸುಳ್ಳೇನಲ್ಲ."

ಅತ್ತೆ ಹೀಗೆ ತಗ್ಗಿ ಮಾತಾಡಿದ್ದನ್ನು ವರ್ನಾ ಮದುವೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ. ಅದು ಜಡ್ಜಿನ ತೀರ್ಪಿಗಿಂತ ಹೆಚ್ಚು ನೋಯಿಸಿತು. ಮೂರು ಜನ ಒಂದು ಕಡೆಯಾದರೆ ಒಬ್ಬಳು ಎಷ್ಟು ದಿನ ಹಲ್ಲು ಕಡಿಯುತ್ತಾಳೆ? ಸರಿ, ಹಾಕುತ್ತೇನೆ ಅಂದಳು. ಅಂದವಳು ಪಾತ್ರೆ ತೊಳೆಯಲು ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಶುಕ್ರವಾರ ನಾಲ್ವರೂ ಪಿಟ್ಸ್‌ಬರ್ಗ್‌ಗೆ ಹೋದರು. ಯುಸ್ಟಿನಾ ಈ ಸಲ ತಾನೇ ಬರುತ್ತೇನೆ ಅಂದಳು. ಸೊಸೆ ತನ್ನಿಂದಾಗಿ ತಲೆ ತಗ್ಗಿಸುವಾಗ ಮನೆಯಲ್ಲಿ ಕೂರುವುದು ಸರಿಯಲ್ಲ ಅಂದಳು. ಅದೇ ಒಳ್ಳೆಯ ಕೋಟು. ಗುಂಡಿ ಹಾಕಿದ್ದು ವರ್ನಾ.

ಡಾನಾಳ ಆಫೀಸು ಇಕ್ಕಟ್ಟಾಗಿತ್ತು. ಎಮಿಲ್ ಗೋಡೆಗೆ ಒರಗಿ ನಿಂತ. ಡಾನಾ ಕಾಗದವನ್ನು ಮೇಜಿನ ಮೇಲೆ ಇಟ್ಟು, ಸಹಿಯ ಜಾಗಕ್ಕೆ ಬೆರಳು ತೋರಿಸಿ, ಪೆನ್ನು ಕೊಟ್ಟಳು. ವರ್ನಾ ಓದಿದಳು. ಅವಳ ಕಿವಿ ಕೆಂಪಗಾಯಿತು. ಆದರೂ ಪೆನ್ನಿನ ಮುಚ್ಚಳ ತೆಗೆದಳು.

"ಏನ್ ಬರೆದಿದೆ?" ಯುಸ್ಟಿನಾ ಕೇಳಿದಳು. "ನನಗೂ ಕೇಳಿಸ್ಲಿ."

"ಬೇಡ ಅತ್ತೆ. ಮುಗಿಸ್ಬಿಡೋಣ."

"ಕ್ಯಾರಿನ್, ನೀನು ಓದು."

ಕ್ಯಾರಿನ್ ಅಮ್ಮನ ಮುಖ ನೋಡಿದಳು, ಕಾಗದ ಎತ್ತಿಕೊಂಡಳು. "‘ಅಂಚೆಯ ಮೂಲಕ ಕಳಿಸಿದ ರೋಲುಗಳು ಯಾವ ರೀತಿಯಲ್ಲೂ ಚರ್ಚಿನ ಹೆಂಗಸರ ಕೈಯ ಕೆಲಸವಾಗಿರಲಿಲ್ಲ. ಅವಕ್ಕಾಗಿ ಅವರಲ್ಲಿ ಯಾರೂ ಯಾವ ಕೆಲಸವನ್ನೂ ಮಾಡಿರಲಿಲ್ಲ. ಇದು ನನಗೆ ತಿಳಿದಿತ್ತು.’"

"ಇನ್ನೊಂದ್ಸಲ ಓದು."

ಕ್ಯಾರಿನ್ ಮತ್ತೆ ಓದಿದಳು.

"ಹಾಗಾದ್ರೆ ಅಲ್ಲಿ ಕೂತಿದ್ದು ಯಾರು?" ಎಂದಳು ಯುಸ್ಟಿನಾ.

ಡಾನಾ ಮೆಲ್ಲಗೆ ಅಂದಳು, "ಇದು ಕಾನೂನಿನ ಭಾಷೆ ಅಜ್ಜಿ. ಫೈಲಿಗೆ ಹೋಗುತ್ತೆ ಅಷ್ಟೇ, ಯಾರೂ ಓದಲ್ಲ."

"ಈಗ ಓದಿದ್ಳಲ್ಲ ನನ್ನ ಮೊಮ್ಮಗಳು." ಯುಸ್ಟಿನಾ ಮಡಿಲಿನಿಂದ ಕೈ ತೆಗೆದು ಮೇಜಿನ ಮೇಲೆ, ಕಾಗದದ ಪಕ್ಕದಲ್ಲೇ ಇಟ್ಟಳು. ಎರಡೂ ಕೈ. ಅಷ್ಟು ಜನರ ಮುಂದೆ ಅವಳು ಕೈ ತೋರಿಸಿದ್ದು ಅದೇ ಮೊದಲು. "ಈ ಬೆರಳಿಗೆ ಬಟ್ಟೆ ಸುತ್ತಿ ಚಾಕು ಕಟ್ಟಿದೋಳು ಇವ್ಳು. 'ಸಾಕು ಅತ್ತೆ, ಉಳಿದಿದ್ದು ನಾನು ಗೀಚ್ತೀನಿ, ಯಾರಿಗೆ ಗೊತ್ತಾಗುತ್ತೆ' ಅಂದ್ಳು. ನಾನು ಬಿಡ್ಲಿಲ್ಲ. ಒಂದನ್ನೂ ಬಿಡ್ಲಿಲ್ಲ. ಅತ್ತೆ ಅಲ್ಲಿ ಇರ್ಲೇ ಇಲ್ಲ ಅಂತ ಇವ್ಳ ಕೈಲೇ ಬರೆಸ್ಕೋತೀರಾ? ನನಗೆ ಕೈ ಸತ್ತೋಗಿದೆ ಅಂತ ಬರೀರಿ, ಒಪ್ತೀನಿ. ಇರ್ಲಿಲ್ಲ ಅಂತ ಬರೀಬೇಡಿ."

ವರ್ನಾ ಪೆನ್ನಿಗೆ ಮುಚ್ಚಳ ಹಾಕಿದಳು. ಕಾಗದವನ್ನು ಡಾನಾಳ ಕಡೆ ತಳ್ಳಿದಳು.

"ಡಾನಾ, ವಿಚಾರಣೆಗೆ ತಾರೀಕು ಹಾಕ್ಸಿ."

"ಯೋಚ್ನೆ ಮಾಡಿ ಮಿಸೆಸ್ ಸೊಪ್ಕೊ. ಜ್ಯೂರಿ ಈ ಸಲಾನೂ ನಂಬದೇ ಇರಬಹುದು. ಚೀಟಿ ಓದಿ ಕೊಂಡೋರಿಗೆ ಈ ಶಿಲುಬೆ ವಿಷಯ ಏನ್ ಗೊತ್ತು ಅಂತ ಕೇಳೇ ಕೇಳ್ತಾರೆ. ಹತ್ತು ತಿಂಗಳು ನಿಜಕ್ಕೂ ಬರಬಹುದು."

"ಕೇಳ್ಲಿ. ಕೇಳೋದಕ್ಕೇ ತಾನೇ ಒಂದು ವರ್ಷದಿಂದ ಒದ್ದಾಡ್ತಿರೋದು? ಬಂದ್ರೆ ಹೋಗ್ತೀನಿ. ಇದನ್ನ ಬರ್ಕೊಟ್ಟು ಮನೇಲಿ ಅತ್ತೆ ಎದ್ರು ಊಟಕ್ಕೆ ಕೂರೋಕೆ ನನ್ನಿಂದ ಆಗಲ್ಲ."

ಹೇಳಿ ಎಮಿಲ್ ಕಡೆ ತಿರುಗಿದಳು. ಸಹಿ ಹಾಕು ಎಂದು ಕೈ ಜೋಡಿಸುವುದೊಂದನ್ನೇ ಬಾಕಿ ಉಳಿಸಿದ್ದವನು ಅವನು. ಬಯ್ಯುತ್ತಾನೆ ಅಂದುಕೊಂಡಳು, ಅಳುತ್ತಾನೆ ಎಂದೂ ಅಂದುಕೊಂಡಳು. ಅವನು ಮೇಜಿನ ಮೇಲಿದ್ದ ತಾಯಿಯ ಕೈಗಳನ್ನೇ ನೋಡುತ್ತಿದ್ದ.

"ಯಾವತ್ತು ಅಂತ ಸ್ವಲ್ಪ ಮುಂಚೆನೇ ಹೇಳಿ ಮೇಡಂ," ಎಂದ. "ಬಸ್ಸಿಗೆ ಬದಲಿ ಡ್ರೈವರ್ ನೋಡ್ಬೇಕು."

ಡಾನಾ ನಿಟ್ಟುಸಿರು ಬಿಟ್ಟು ಆ ಕಾಗದವನ್ನು ಮಗುಚಿಟ್ಟಳು. ಹಳದಿ ಹಾಳೆಯೊಂದನ್ನು ಎಳೆದುಕೊಂಡು ಸಾಕ್ಷಿಗಳ ಹೆಸರು ಬರೆಯಲು ಕೂತಳು.

"ಮೊದಲನೇ ಸಾಕ್ಷಿ, ಯುಸ್ಟಿನಾ ಸೊಪ್ಕೊ. ವಯಸ್ಸು ನನ್ನ ಹತ್ರ ಇದೆ. ಉದ್ಯೋಗ ಏನಂತ ಬರೀಲಿ? ನಿವೃತ್ತರು?"

ಯುಸ್ಟಿನಾ ಬಾಯಿ ತೆರೆಯುವ ಮೊದಲೇ ವರ್ನಾ ಹೇಳಿದಳು, "ಆಕ್ರೋಟು ರೋಲು ಮಾಡ್ತಾರೆ. ಹಾಗೇ ಬರ್ಕೊಳಿ."